ತಪ್ಪಚ್ಚಿನ ನಾಣ್ಯ: ತಿಕ್ಕುವುದೋ, ತೋರಿಸುವುದೋ?

ಗೃಹಕೃತ್ಯದಲ್ಲಿ ಕೆಲವು ತಪ್ಪುಗಳನ್ನು ತಿದ್ದಿಕೊಳ್ಳಬಹುದು, ಕೆಲವನ್ನು ತಿದ್ದಲಾಗದು. ಉಪ್ಪು ಸಾಲದ ಸಾರಿಗೆ ಮತ್ತಷ್ಟು ಉಪ್ಪನ್ನು ಹಾಕಬಹುದು. ಆದರೆ ತಿಕ್ಕಿ ಸವೆಸಿದ ನಾಣ್ಯಕ್ಕೆ ಅದರ ಮೈಯನ್ನು ಮರಳಿ ಕೊಡುವುದು ಯಾರಿಂದಲೂ ಆಗದು. ಕಳೆದ ದೀಪಾವಳಿಯಲ್ಲಿ ಹನುಮಸಾಗರದ ನಮ್ಮ ಮನೆಯಲ್ಲಿ ನಡೆದ ಒಂದು ಪ್ರಸಂಗದಿಂದ ಈ ಮಾತು ನಮಗೆ ಮನದಟ್ಟಾಯಿತು.

ಲಕ್ಷ್ಮೀಪೂಜೆಗೆಂದು ಅಜ್ಜಿಯ ಕಾಲದ ಹಿತ್ತಾಳೆಯ ಡಬ್ಬಿಯನ್ನು ತೆರೆದಾಗ ಅದರಲ್ಲಿ ಒಂದು ಬೆಳ್ಳಿಯ ರೂಪಾಯಿ ದೊರೆಯಿತು. ಅದರ ಮೇಲಿನ ಚಾರ್‌ಮಿನಾರು ನಡುವಿನಲ್ಲಿರದೆ ಒಂದು ಅಂಚಿಗೆ ಸರಿದಿದ್ದಿತು. ಎದುರು ಅಂಚಿನಲ್ಲಿ ಬಿದಿಗೆಯ ಚಂದ್ರನಷ್ಟು ಜಾಗ ಬರಿದಾಗಿದ್ದಿತು. ಬಾಗಿಲಿನ ಕಮಾನಿನಲ್ಲಿ ಉಸ್ಮಾನ್ ಅಲಿ ಖಾನರ ಹೆಸರಿನ ಮೊದಲಕ್ಷರವಾದ ‘ಐನ್’ ಕಾಣುತ್ತಿತ್ತು. ಹಿಜರಿ ವರ್ಷ ೧೩೩೧, ಎಂದರೆ ಕ್ರಿ. ಶ. ೧೯೧೨-೧೩.

ನಮ್ಮ ಭಾಗದ ಹಳೆಯ ಮನೆಗಳಲ್ಲಿ ಇಂತಹ ‘ಹಾಲಿ ಸಿಕ್ಕಾ’ ಸಿಗುವುದು ಸೋಜಿಗವಲ್ಲ. ೧೯೪೮ರ ಸೆಪ್ಟೆಂಬರಿನವರೆಗೆ ಈ ಸೀಮೆ ನಿಜಾಮರ ಹೈದರಾಬಾದು ಸಂಸ್ಥಾನದಲ್ಲಿದ್ದಿತು. ನೆರೆಯ ಇಳಕಲ್ಲು ಮುಂಬಯಿ ಪ್ರಾಂತಕ್ಕೆ ಸೇರಿದ್ದಿತು. ಸಂಸ್ಥಾನದ ರೂಪಾಯಿಯೇ ಬೇರೆ, ಬ್ರಿಟಿಷರ ‘ಕಲ್ದಾರ್’ ರೂಪಾಯಿಯೇ ಬೇರೆ. ನೂರು ಕಲ್ದಾರಿಗೆ ಹಾಲಿಯಲ್ಲಿ ೧೧೬ ರೂಪಾಯಿ ೧೦ ಆಣೆ ೮ ಪೈಯೆಂಬುದು ಸರಕಾರಿ ದರವಾಗಿದ್ದಿತು. ಭಾರತದ ರೂಪಾಯಿಯೇ ಎಲ್ಲೆಡೆ ನೆಲೆಗೊಂಡ ಮೇಲೆ ಹಾಲಿಯ ಚಲಾವಣೆ ನಿಂತಿತು. ನಾಣ್ಯಗಳು ಮಾತ್ರ ಡಬ್ಬಿಗಳಲ್ಲಿ ಉಳಿದವು.

ನಾಣ್ಯವನ್ನು ನೋಡಿದೊಡನೆ ಮನೆಯಲ್ಲಿ ಮೂರು ಅಭಿಪ್ರಾಯಗಳಾದವು. “ಕರ್ರಗಿನ ರೊಕ್ಕವನ್ನು ಲಕ್ಷ್ಮಿಯ ಮುಂದಿಡುವುದುಂಟೇ?” ಎಂದು ಅತ್ತಿಗೆಯವರು ಹುಣಸೆಹಣ್ಣನ್ನೂ ಬೂದಿಯನ್ನೂ ತಂದರು. ಅಣ್ಣನವರು ಅದನ್ನು ಪತ್ತಾರರಿಗೆ ಕೊಟ್ಟುಬಿಡೋಣವೆಂದರು. ಅವರ ಮಗನಾದರೋ, ಇಂತಹ ನಾಣ್ಯಕ್ಕೆ ಲಕ್ಷಗಟ್ಟಲೆ ಕೊಡುವೆವೆಂಬ ಜಾಹೀರಾತನ್ನು ಫೋನಿನಲ್ಲಿ ತೋರಿಸಿದನು. ಆದರೆ ಮೊದಲು ನೋಂದಣಿ ಶುಲ್ಕವನ್ನು ಕಟ್ಟಬೇಕಂತೆ! ಅವನ ತಂಗಿಯ ಕಾಲೇಜಿನ ಶುಲ್ಕ ಕಟ್ಟುವ ದಿನ ಸಮೀಪಿಸಿದ್ದುದರಿಂದ ಆ ಮಾತಿಗೆ ಎಲ್ಲರ ಮನಸ್ಸೂ ಒಂದು ಗಳಿಗೆ ತೂಗಿತು.

ನಾವು ಮೊದಲು ಬೂದಿಯ ಬಟ್ಟಲನ್ನು ದೂರವಿರಿಸಿದೆವು. ಬಾಲ್ಯದಲ್ಲಿ ಇದೇ ಡಬ್ಬಿಯ ಮತ್ತೊಂದು ರೂಪಾಯಿಯನ್ನು ನಾವೇ ತಿಕ್ಕಿ ಬೆಳ್ಳಗೆ ಮಾಡಿದ್ದೆವು. ಇಂದು ಅದರ ಮೇಲೆ ಗೀರುಗಳಲ್ಲದೆ ಬೇರೆ ಹೊಳಪಿಲ್ಲ. ಗಾಳಿಯಲ್ಲಿರುವ ಗಂಧಕದ ಅಂಶವು ಬೆಳ್ಳಿಯೊಡನೆ ಕೂಡಿ ಆ ಕಪ್ಪು ಪೊರೆ ಉಂಟಾಗುವುದು, ಅದು ಕೊಳೆಯಲ್ಲ. ಹುಳಿ ಆ ಪೊರೆಯನ್ನೂ ಲೋಹವನ್ನೂ ಕೆಣಕುವುದು. ಬೂದಿಯ ಹರಳುಗಳು ಅಚ್ಚಿನ ಸೂಕ್ಷ್ಮ ಗೆರೆಗಳನ್ನು ಕೆರೆದುಹಾಕುವುವು. ತಪ್ಪಚ್ಚಿನ ನಾಣ್ಯಕ್ಕೆ ಇದು ಎರಡು ಪಟ್ಟು ಹಾನಿ. ಏಕೆಂದರೆ ತಪ್ಪು ಟಂಕಸಾಲೆಯಲ್ಲಿ ಆದುದೋ, ಆಮೇಲೆ ಯಾರೋ ಮಾಡಿದುದೋ ಎಂಬುದಕ್ಕೆ ಆ ಗೆರೆಗಳೇ ಸಾಕ್ಷಿ.

ಎರಡನೆಯದು ಪರೀಕ್ಷೆ. ಲೋಹದ ಬಿಲ್ಲೆ ಅಚ್ಚುಗಳ ನಡುವೆ ಸರಿಯಾಗಿ ಕೂಡದೆ ಪಕ್ಕಕ್ಕೆ ಸರಿದಿದ್ದರೆ ಎರಡು ಮುಖಗಳ ಮುದ್ರೆಯೂ ಒಂದೇ ಅಂಚಿನ ಕಡೆಗೆ ಸರಿದಿರಬೇಕು. ಒಂದು ಮುಖ ಮಾತ್ರ ಸರಿದಿದ್ದರೆ ಬಿಲ್ಲೆ ಸರಿದುದಲ್ಲ, ಒಂದು ಅಚ್ಚು ಮಾತ್ರ ಸರಿದುದು. ಇನ್ನು ತೂಕ: ಹಾಲಿ ರೂಪಾಯಿಯ ನಿಯತ ತೂಕ ೧೧.೧೭೮ ಗ್ರಾಂ, ಅದರಲ್ಲಿ ಬೆಳ್ಳಿ ಸಾವಿರಕ್ಕೆ ೮೧೮ ಭಾಗ. ಬಿಲ್ಲೆ ಸರಿದರೂ ಅದರ ತೂಕ ಕಡಿಮೆಯಾಗದು. ಅರದಿಂದ ಉಜ್ಜಿ ತಪ್ಪನ್ನು ಸೃಷ್ಟಿಸಿದ್ದರೆ ಕಡಿಮೆಯಾಗುವುದು. ಪತ್ತಾರರ ತಕ್ಕಡಿಯಲ್ಲಿ ನಮ್ಮ ನಾಣ್ಯ ಹನ್ನೊಂದು ಗ್ರಾಂಗಿಂತ ಕೊಂಚ ಹೆಚ್ಚೇ ತೂಗಿತು. ಎರಡು ಮುಖಗಳೂ ಹೊಂದಿದವು. ಆದರೂ ಇಷ್ಟರಿಂದಲೇ ತೀರ್ಮಾನಕ್ಕೆ ಬರಬಾರದು. ಪತ್ತಾರರು ಬೆಳ್ಳಿಯನ್ನು ಬಲ್ಲರು. ಅಚ್ಚಿನ ದೋಷವನ್ನು ಬಲ್ಲವರು ನಾಣ್ಯಶಾಸ್ತ್ರಜ್ಞರು. ಅವರಿಗೆ ತೋರಿಸುವುದು ಲೇಸು.

ಮೂರನೆಯದು ದರ್ಜೆ. ಅಮೆರಿಕೆಯ ಕೆಲವು ಸಂಸ್ಥೆಗಳು ನಾಣ್ಯವನ್ನು ಪರೀಕ್ಷಿಸಿ, ೧ರಿಂದ ೭೦ರವರೆಗಿನ ಅಂಕವೊಂದನ್ನು ಕೊಟ್ಟು, ಗಟ್ಟಿ ಪೆಟ್ಟಿಗೆಯಲ್ಲಿ ಮುದ್ರಿಸಿ ಕೊಡುವುವು. ತಿಕ್ಕಿದ ನಾಣ್ಯಕ್ಕೆ ಸಾಮಾನ್ಯವಾಗಿ ಅವು ಅಂಕವನ್ನೇ ಕೊಡವು, ತಿಕ್ಕಿದುದೆಂದು ಬರೆದುಬಿಡುವುವು. ಈ ಸೇವೆಗೆ ವೆಚ್ಚ ಉಂಟಾದುದರಿಂದ, ನಾಣ್ಯದ ಬೆಲೆ ಆ ವೆಚ್ಚಕ್ಕಿಂತ ಬಹಳ ಹೆಚ್ಚೆಂದು ಬಲ್ಲವರು ಹೇಳಿದರೆ ಮಾತ್ರ ಅದರ ಯೋಚನೆ ಮಾಡತಕ್ಕದ್ದು. ಮತ್ತೊಂದು ಮಾತು: ನೂರು ವರ್ಷ ತುಂಬಿದ ನಾಣ್ಯವು ೧೯೭೨ರ ಪುರಾವಸ್ತು ಕಾಯಿದೆಯೊಳಗೆ ಬರುವುದು, ಅದನ್ನು ಖಾಸಗಿಯವರು ಹೊರದೇಶಕ್ಕೆ ಕಳುಹಿಸುವಂತಿಲ್ಲ. ನಮ್ಮ ನಾಣ್ಯಕ್ಕೆ ನೂರು ತುಂಬಿ ವರ್ಷಗಳೇ ಆಗಿದ್ದುದರಿಂದ ಆ ದಾರಿ ತಾನಾಗಿಯೇ ಮುಚ್ಚಿತು.

ಜಾಹೀರಾತಿನ ವಿಷಯದಲ್ಲಿ ಹುಡುಗನಿಗೆ ಹೇಳಿದುದನ್ನೇ ವಾಚಕರಿಗೂ ಹೇಳುವೆವು. ಹಳೆಯ ನೋಟು ನಾಣ್ಯಗಳ ಕೊಳ್ಳುಬಿಡುವಿನಲ್ಲಿ ತನಗೆ ಯಾವ ಸಂಬಂಧವೂ ಇಲ್ಲ, ಅದಕ್ಕಾಗಿ ತಾನು ಶುಲ್ಕವನ್ನೂ ಕೇಳುವುದಿಲ್ಲವೆಂದು ರಿಸರ್ವ್ ಬ್ಯಾಂಕು ೧೯೨೧ರಲ್ಲಲ್ಲ, ನಮ್ಮ ಕಾಲದಲ್ಲಿಯೇ, ೨೦೨೧ರಲ್ಲಿ ಸಾರಿಹೇಳಿದೆ. ಕೊಳ್ಳುವವನು ಮೊದಲು ನಮ್ಮಿಂದಲೇ ಹಣ ಕೇಳಿದರೆ ಅದು ವ್ಯಾಪಾರವಲ್ಲ, ಬಲೆ. ಕಾಲೇಜಿನ ಶುಲ್ಕವನ್ನು ಶೇಂಗಾ ಮಾರಿದ ಹಣದಿಂದ ಅಣ್ಣನವರು ಕಟ್ಟಿದರು.

ಇಟ್ಟುಕೊಳ್ಳುವ ಕ್ರಮವೂ ಸರಳ. ನಾಣ್ಯವನ್ನು ಅಂಚಿನಲ್ಲಿ ಮಾತ್ರ ಹಿಡಿಯಬೇಕು. ಒಣಗಿದ ಕಾಗದದ ಲಕೋಟೆಯಲ್ಲಿ, ತೇವವಿಲ್ಲದ ಕಡೆ ಇಡಬೇಕು. ಮೆತ್ತನೆಯ ಪಿ.ವಿ.ಸಿ. ಚೀಲದಲ್ಲಿ ಇಡಬಾರದು, ಅದು ಕಾಲಕ್ರಮದಲ್ಲಿ ಹಸುರು ಜಿಡ್ಡನ್ನು ಬಿಟ್ಟು ಲೋಹವನ್ನು ತಿನ್ನುವುದು.

ಆತುರಗಾರನಿಗೆ ಬುದ್ಧಿ ಮಟ್ಟವೆಂದು ಹಿರಿಯರು ಹೇಳುವರು. ತೋರಿಸುವುದನ್ನು ನಾಳೆ ಮಾಡಬಹುದು, ಮಾರುವುದನ್ನು ಮುಂದಿನ ವರ್ಷ ಮಾಡಬಹುದು. ಇಂದು ತಿಕ್ಕಿದುದನ್ನು ಮಾತ್ರ ಎಂದೂ ಹಿಂದೆಗೆಯಲಾಗದು. ಆದಕಾರಣ ಸಂದೇಹವಿರುವ ನಾಣ್ಯಕ್ಕೆ ಮೊದಲ ಉಪಚಾರವೆಂದರೆ ಕೈ ಕಟ್ಟಿ ಕುಳಿತಿರುವುದೇ. ಆ ಸಂಜೆ ಅತ್ತಿಗೆಯವರು ನಾಣ್ಯವನ್ನು ಡಬ್ಬಿಯೊಳಗೇ ಇಟ್ಟು, ಅರಿಸಿನ ಕುಂಕುಮವನ್ನು ಡಬ್ಬಿಯ ಮುಚ್ಚಳಕ್ಕೆ ಹಚ್ಚಿ ಪೂಜೆಯನ್ನು ಮುಗಿಸಿದರು.