ಬಿರಿಯಾನಿ ಪಾತ್ರೆ ಮನೆಯಲ್ಲಿಟ್ಟು ಗಿರಿ ಹತ್ತಿದ್ದು

ಮೇ ತಿಂಗಳು ಬಂತೆಂದರೆ ನಮ್ಮ ಮನೆಗಳಲ್ಲಿ ಒಂದೇ ಮಾತು, ಘಾಟಿ ಹತ್ತುವುದು ಯಾವಾಗ? ಶಾಲೆ ಇಲ್ಲದ ಮಕ್ಕಳು, ಗಲ್ಫಿನಿಂದ ರಜೆಯಲ್ಲಿ ಬಂದವರು, ಜೊತೆಗೆ ಕರಾವಳಿಯ ಈ ಬೆವರು. ಒಂದು ಟೆಂಪೋ ಟ್ರಾವೆಲರ್ ಬಾಡಿಗೆಗೆ ಹಿಡಿದರೆ ಚಾರ್ಮಾಡಿ ದಾಟಿ ಚಿಕ್ಕಮಗಳೂರು. ಮಂಗಳೂರಿನಿಂದ ಸುಮಾರು 150 ಕಿಲೋಮೀಟರ್.

ಆದರೆ ಈ ಟೂರು ಯಾರಿಗೆ ಟೂರು? ಹೆಂಗಸರು ರಾತ್ರಿ 2 ಗಂಟೆಗೆ ಎದ್ದು ಬಿರಿಯಾನಿ ದಮ್ ಹಾಕಬೇಕು. ಅಲ್ಲಿ ಹೋದ ಮೇಲೆ ಗಂಡಸರು, ಮಕ್ಕಳು ಮೇಲೆ ಓಡುತ್ತಾರೆ. ಹೆಂಗಸರು ಗಾಡಿಯ ಹತ್ತಿರ ಪಾತ್ರೆ, ಚೀಲ, ಕೈಮಗು ನೋಡಿಕೊಂಡು ಕೂರುತ್ತಾರೆ. ನಮ್ಮ ಮನೆಯಲ್ಲೂ ಹಾಗೆಯೇ. "ಉಮ್ಮ ಒಂದು ಸಲವೂ ಮೇಲೆ ಬಂದಿಲ್ಲ ಅಲ್ವಾ ಉಪ್ಪಾ?" ಎಂದು ಮಗಳು ಕೇಳಿದಾಗಲೇ ನನಗೆ ಹೊಳೆದದ್ದು. ಮೂರು ಸಲ ಹೋಗಿದ್ದೆವು. ಮದ್ರಸದಲ್ಲಿ ಮಕ್ಕಳಿಗೆ ಮನೆಯವರ ಹಕ್ಕಿನ ಪಾಠ ಹೇಳುವವನು ನಾನು!

ಕಳೆದ ಬೇಸಿಗೆಯಲ್ಲಿ ಪಾತ್ರೆ ಮನೆಯಲ್ಲೇ ಉಳಿಯಿತು. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದೆವು, ಮಧ್ಯಾಹ್ನಕ್ಕೆ ರೊಟ್ಟಿ, ಬಾಳೆಹಣ್ಣು. ತಮ್ಮನಿಗೆ ಸ್ವಲ್ಪ ಮುಖ ದಪ್ಪವಾಯಿತು, ಇರಲಿ.

ಮುಳ್ಳಯ್ಯನಗಿರಿ 1930 ಮೀಟರ್, ಕರ್ನಾಟಕದಲ್ಲೇ ಎತ್ತರದ ಶಿಖರ. ಸಾವಿರ ಮೀಟರ್ ಏರಿದರೆ ಸುಮಾರು 6 ಡಿಗ್ರಿ ಸೆಕೆ ಇಳಿಯುತ್ತದೆ. ಹಾಗಾಗಿ ನಮ್ಮೂರಲ್ಲಿ 34 ಇದ್ದರೆ ಅಲ್ಲಿ 22ರ ಆಸುಪಾಸು. ಗಾಡಿ ನಿಲ್ಲಿಸಿ ನೂರಾರು ಮೆಟ್ಟಿಲು ಹತ್ತಬೇಕು. ಕೈಮಗುವನ್ನು ನಾನು ಎತ್ತಿಕೊಂಡೆ. ಮನೆಯವಳು ನಾಲ್ಕು ಕಡೆ ಕೂತು, ಎದ್ದು, ಕೊನೆಗೆ ತುದಿ ಮುಟ್ಟಿದಳು. ನನ್ನ ಉಮ್ಮ ಅರ್ಧದಲ್ಲಿ ಕಲ್ಲಿನ ಮೇಲೆ ಕೂತು "ನನಗೆ ಇಷ್ಟು ಸಾಕು" ಎಂದರು. ಅಲ್ಲಿಂದಲೂ ಕಣಿವೆ ಚೆನ್ನಾಗಿಯೇ ಕಾಣುತ್ತದೆ.

ಮೇಲೆ ಗಾಳಿಯೋ ಗಾಳಿ. ಬಾಬಾಬುಡನ್‌ಗಿರಿಯ ಸಾಲನ್ನು ತೋರಿಸಿ, ಯೆಮೆನ್‌ನಿಂದ 7 ಕಾಫಿ ಬೀಜ ಬಂದ ಕತೆಯನ್ನು ಮಕ್ಕಳಿಗೆ ಹೇಳುತ್ತಿದ್ದೆ. ಮನೆಯವಳು ತುಂಬಾ ಹೊತ್ತು ಸುಮ್ಮನೆ ನಿಂತು, "ಇದನ್ನು ನೀವು ಮೂರು ಸಲ ನೋಡಿದ್ದೀರಾ?" ಎಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ತಮ್ಮನ ಮಗ ಚಿಪ್ಸ್ ಪ್ಯಾಕೆಟ್ ಬಿಸಾಡಿದ. ಕರೆದು ಹೆಕ್ಕಿಸಿದೆ. ಬೆಟ್ಟದ ಮಡಿಲಲ್ಲಿ ಕಪ್ಪಗೆ ಕಾಣುವ ಶೋಲಾ ಕಾಡು ಮಳೆನೀರನ್ನು ಹಿಡಿದಿಟ್ಟು ನಿಧಾನಕ್ಕೆ ಬಿಡುತ್ತದೆ. ತುಂಬೆ ಡ್ಯಾಮಿನಿಂದ ಮಂಗಳೂರಿನ ನಳ್ಳಿಗೆ ಬರುವ ನೇತ್ರಾವತಿ ಹುಟ್ಟುವುದೂ ಇದೇ ಘಟ್ಟದ ಸಾಲಿನ ಇಂಥ ಕಾಡುಗಳಲ್ಲಿ. ಬೇಸಿಗೆಯಲ್ಲಿ ಹುಲ್ಲು ಒಣಗಿರುತ್ತದೆ, ಒಂದು ಬೀಡಿ ತುಂಡು ಸಾಕು ಗುಡ್ಡ ಉರಿಯಲು. ಅಲ್ಲಿ ಒಲೆ ಹಚ್ಚುವವರನ್ನು ಕಂಡರೆ ದಯವಿಟ್ಟು ಹೇಳಿ.

ಹೋಗುವವರು ಗಿರಿಗೆ ಗಾಡಿಯ ಬುಕ್ಕಿಂಗ್ ಮೊದಲೇ ಆನ್‌ಲೈನಿನಲ್ಲಿ ಮಾಡಿ. ಮೇ ತಿಂಗಳಲ್ಲಿ ಮಧ್ಯಾಹ್ನದ ನಂತರ ಸಿಡಿಲು ಮಳೆ ಬರುವುದುಂಟು, ಬೆಳಿಗ್ಗೆಯೇ ಹತ್ತಿ ಇಳಿಯಿರಿ. ಜಲಪಾತದ ಪಾಚಿ ಬಂಡೆಗೆ ಮಕ್ಕಳನ್ನು ಬಿಡಬೇಡಿ. ಇಷ್ಟು ದೂರದ ಪ್ರಯಾಣದಲ್ಲಿ ಲುಹರ್, ಅಸರ್ ಒಟ್ಟಿಗೆ ಕಸ್ರ್ ಮಾಡಬಹುದು. ಹೆಂಗಸರಿಗೂ ವುಳೂ ಮಾಡಲು, ನಮಾಝ್ ಮಾಡಲು ಜಾಗ ಎಲ್ಲಿದೆ ಎಂದು ಹೊರಡುವ ಮೊದಲೇ ವಿಚಾರಿಸಿಟ್ಟುಕೊಳ್ಳಿ. ನಾವು ಅದನ್ನು ಮರೆತು ಪೇಟೆಯಲ್ಲಿ ಒಂದು ಗಂಟೆ ಅಲೆದೆವು.

ಈ ಸಲ ಕೆಮ್ಮಣ್ಣುಗುಂಡಿ. ಗಾಡಿ ಮೇಲಿನ ತನಕ ಹೋಗುತ್ತದೆ ಎಂದು ಮನೆಯವಳೇ ಆರಿಸಿದ್ದಾಳೆ. ಉಮ್ಮನಿಗೆ ಶೂ ತಂದಾಗಿದೆ.