ಗಂಗಾಮೂಲದಿಂದ ಕೇಡಗಾವಿಗೆ

ಪರಸ್ಥಳದಲ್ಲಿ ದುಡಿಯುವ ನಮ್ಮವರಿಗೆ ಭದ್ರತೆಯೆಂದರೆ ಬ್ಯಾಂಕಿನ ಪಾಸುಪುಸ್ತಕ, ಚೀಟಿಯ ಹಣ, ಊರಿನಲ್ಲೊಂದು ತುಂಡು ಗದ್ದೆ, ಧಣಿಗಳ ಕೃಪೆ. ಇವು ಬೇಡವೆಂದು ಗಲ್ಲಾದ ಮುಂದೆ ವರ್ಷಗಟ್ಟಲೆ ಕುಳಿತ ನಾನಂತೂ ಹೇಳಲಾರೆ. ಆದರೆ ಇವೆಲ್ಲವೂ ಕೈಬಿಟ್ಟಾಗ ಮನುಷ್ಯನಿಗೆ ಆಶ್ರಯವಾವುದು? ಈ ಪ್ರಶ್ನೆಗೆ ತಮ್ಮ ಜೀವಿತದಿಂದಲೇ ಉತ್ತರವಿತ್ತವರು ನಮ್ಮ ಸಹ್ಯಾದ್ರಿಯ ಮಡಿಲಲ್ಲಿ ಜನಿಸಿದ ಪಂಡಿತಾ ರಮಾಬಾಯಿಯವರು.

1858ರಲ್ಲಿ ಗಂಗಾಮೂಲದ ಅರಣ್ಯದಲ್ಲಿ ಅವರ ಜನನವಾಯಿತು. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಪತ್ನಿಗೂ ಸಂಸ್ಕೃತ ಕಲಿಸಿದ ಧೀರರು. ಬಂದ ಅತಿಥಿಗಳಿಗೆಲ್ಲ ಅನ್ನವಿಕ್ಕಿ ಸಾಲಗಾರರಾದರು. (ಲೆಕ್ಕವಿಡದೆ ಎಲೆ ಹಾಕಿದವರ ಗತಿ ಹೋಟೆಲಿನವರಿಗೆ ತಿಳಿಯದ್ದಲ್ಲ!) ಆರು ತಿಂಗಳ ಕೂಸನ್ನು ಬೆತ್ತದ ಪೆಟ್ಟಿಗೆಯಲ್ಲಿರಿಸಿ, ಆಳಿನ ತಲೆಯ ಮೇಲೆ ಹೊರಿಸಿಕೊಂಡು ಕುಟುಂಬವು ಯಾತ್ರೆಗೆ ಹೊರಟಿತು. 1870ರ ದಶಕದ ಕ್ಷಾಮದಲ್ಲಿ ಒಡವೆ ಹೋಯಿತು, ಪಾತ್ರೆಪಗಡೆಯೂ ಹೋಯಿತು. ಕೂಲಿ ಮಾಡಲು ಕುಲಾಭಿಮಾನ ಬಿಡಲಿಲ್ಲ. ಹನ್ನೊಂದು ದಿನ ನೀರು, ಎಲೆ, ಹಿಡಿಯಷ್ಟು ಕಾಡುಖರ್ಜೂರಗಳಿಂದ ಜೀವ ಹಿಡಿದುದನ್ನು ರಮಾಬಾಯಿಯವರೇ ಬರೆದಿಟ್ಟಿದ್ದಾರೆ. ತಂದೆ, ತಾಯಿ, ಅಕ್ಕ ತೀರಿಕೊಂಡರು.

ಕಾಲ್ನಡಿಗೆಯಲ್ಲಿ ದೇಶ ಸುತ್ತಿ 1878ರಲ್ಲಿ ಕಲಕತ್ತೆಗೆ ಬಂದಾಗ ವಿದ್ವಾಂಸರು ‘ಪಂಡಿತಾ’ ಎಂದೂ ‘ಸರಸ್ವತಿ’ ಎಂದೂ ಗೌರವಿಸಿದರು. ಕೀರ್ತಿಯೇನೋ ಬಂತು, 1880ರಲ್ಲಿ ಅಣ್ಣನೂ, 1882ರಲ್ಲಿ ಪತಿಯೂ ಅಗಲಿದರು. ಕಂಕುಳಲ್ಲಿ ಪುಟ್ಟ ಮನೋರಮೆ.

1883ರಲ್ಲಿ ಇಂಗ್ಲೆಂಡಿನಲ್ಲಿ ಅವರು ಕ್ರೈಸ್ತ ದೀಕ್ಷೆ ಪಡೆದರು. ಆದರೆ ದೀಕ್ಷೆಯಿಂದಲೇ ಸಮಾಧಾನ ದೊರಕಲಿಲ್ಲ. ತಮಗೆ ಕ್ರೈಸ್ತ ಮತ ದೊರಕಿತ್ತೇ ವಿನಾ ಕ್ರಿಸ್ತನು ದೊರಕಿರಲಿಲ್ಲವೆಂದು ಅವರಿಗೆ ಅರಿವಾದುದು ಸುಮಾರು ಎಂಟು ವರ್ಷಗಳ ತರುವಾಯ. ಈ ಪ್ರಾಮಾಣಿಕತೆ ನನಗೆ ಬಹಳ ದೊಡ್ಡದೆಂದು ತೋರುತ್ತದೆ. ಯಾವ ಮತದವರಾದರೂ ಸರಿ, ಹೆಸರಿಗೂ ಹೃದಯಕ್ಕೂ ಇರುವ ಈ ಅಂತರವನ್ನು ಎಷ್ಟು ಮಂದಿ ಒಪ್ಪಿಕೊಂಡಾರು?

ವಿಧವೆಯರಿಗಾಗಿ 1889ರಲ್ಲಿ ಮುಂಬಯಿಯಲ್ಲಿ ತೆರೆದ ಶಾರದಾ ಸದನವು ಮರುವರ್ಷ ಪುಣೆಗೆ ಹೋಯಿತು. 1893ರಲ್ಲಿ ಮತಾಂತರದ ಗುಲ್ಲೆದ್ದಿತು. ಟಿಳಕರ ‘ಕೇಸರಿ’ಯು ಖಂಡಿಸಿತು, ರಾನಡೆ, ಭಾಂಡಾರಕರರಂತಹ ಹಿತೈಷಿಗಳೇ ಸಲಹಾ ಮಂಡಲಿಯಿಂದ ಹಿಂದೆ ಸರಿದರು. ವಿದ್ಯಾರ್ಥಿನಿಯರನ್ನು ಮನೆಯವರು ಕರೆದೊಯ್ದರು. ಆ ವಾದದ ನ್ಯಾಯಾನ್ಯಾಯ ಈ ಲೇಖನದ ವಿಷಯವಲ್ಲ.

ಇನ್ನು ಹಣದ ಮಾತು. ಅಮೆರಿಕದ ಮಿತ್ರರ ಸಂಘವು ಹತ್ತು ವರ್ಷಗಳ ನೆರವಿಗೆ ಮಾತುಕೊಟ್ಟಿತ್ತು; 1898ಕ್ಕೆ ಆ ವಾಯಿದೆ ಮುಗಿಯಿತು. ಮುಂದಾಲೋಚನೆಯಿಲ್ಲದ ಹೆಂಗಸಲ್ಲ ಈಕೆ. ಸಂಸ್ಥೆಯು ಸ್ವಂತ ಕಾಲಿನ ಮೇಲೆ ನಿಲ್ಲಲೆಂದು ಕೇಡಗಾವಿನಲ್ಲಿ ಭೂಮಿ ಕೊಂಡು ಹಣ್ಣಿನ ಗಿಡಗಳನ್ನು ನೆಡಿಸಿದ್ದರು. ಅಷ್ಟರಲ್ಲಿ 1896–97ರ ಕ್ಷಾಮ ಬಂದೆರಗಿತು. ಹಸಿವೆಯನ್ನು ಬಲ್ಲ ಆ ತಾಯಿ ಮಧ್ಯಪ್ರಾಂತಕ್ಕೆ ಹೋಗಿ ನೂರಾರು ಅನಾಥ ಹುಡುಗಿಯರನ್ನು ಕರೆತಂದರು. ಫಲದ ಆದಾಯಕ್ಕೆಂದು ಕೊಂಡ ನೆಲ ಅವರ ಬಿಡಾರವಾಯಿತು. ನಿಶ್ಚಿತ ವರಮಾನವಿಲ್ಲ, ಉಣ್ಣುವ ಬಾಯಿಗಳೋ ಸಾವಿರ ದಾಟಿದವು. ಪ್ರಾರ್ಥನೆಯೇ ಅವರ ಬಂಡವಾಳ. ಹಾಗೆಂದು ಕೈಕಟ್ಟಿ ಕೂತದ್ದಿಲ್ಲ. ನೇಯ್ಗೆ, ಹೈನು, ಮುದ್ರಣಾಲಯ ಎಲ್ಲವೂ ನಡೆದವು.

ಮನೋರಮೆಯು ಬೆಳೆದು ತಾಯಿಯ ಬಲಗೈಯಾಗಿ, ನಮ್ಮ ಕಲಬುರಗಿಯಲ್ಲೊಂದು ಶಾಲೆಯನ್ನೂ ನಡೆಸಿದಳು. 1921ರಲ್ಲಿ ಆಕೆಯೂ ತೀರಿಕೊಂಡಳು. ಕಿವಿ ಮಂದವಾಗಿದ್ದ ವೃದ್ಧಮಾತೆಯು ಮೂಲ ಭಾಷೆಗಳಿಂದ ಮರಾಠಿಗೆ ತರುತ್ತಿದ್ದ ಬೈಬಲಿನ ಕೆಲಸವನ್ನು ಬಿಡಲಿಲ್ಲ. 1922ರ ಏಪ್ರಿಲ್ 5ರಂದು ನಿದ್ರೆಯಲ್ಲಿಯೇ ಪ್ರಾಣ ಹೋಯಿತು.

ಕಲಬುರಗಿಯ ಕಡೆಗೆ ರೈಲಿನಲ್ಲಿ ಹೋಗುವ ವಾಚಕರು ಪುಣೆ ದಾಟಿ, ದೌಂಡ್ ತಲುಪುವ ಮೊದಲು ಕೇಡಗಾವನ್ನು ಹಾಯ್ದು ಹೋಗುತ್ತಾರೆ. ‘ಮುಕ್ತಿ’ ಎಂಬ ಆ ಸಂಸ್ಥೆ ಇಂದಿಗೂ ಅಲ್ಲಿದೆ.