ಬಯಲುಸೀಮೆಯ ಅಂಗಳಕ್ಕೆ ಗರಿಕೆಯ ಹಾಸು

ಹಸುರನ್ನು ಕಂಡು ತಣಿಯದ ಕಣ್ಣಿಲ್ಲ. ಆದರೆ ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳಲ್ಲಿ ಮನೆಯ ಮುಂದೆ ಹುಲ್ಲಿನ ಹಾಸನ್ನು ಬೆಳೆಸುವೆವೆಂದು ಯಾರಾದರೂ ಹೇಳಿದರೆ, ಕೇಳಿದವರು ಮೊದಲು ನಗುವರು. ಬಳಿಕ ‘ಕುಡಿಯುವುದಕ್ಕೇ ನೀರಿಗೆ ತತ್ವಾರವಾಗಿರುವಾಗ ಹುಲ್ಲಿಗೆಲ್ಲಿಯ ನೀರು?’ ಎನ್ನುವರು. ಈ ಪ್ರಶ್ನೆಯು ನ್ಯಾಯವಾದುದು. ವರ್ಷಕ್ಕೆ 500 ಮಿಲಿಮೀಟರಿಗಿಂತಲೂ ಕಡಮೆ ಮಳೆ ಬೀಳುವ ನಾಡಿನಲ್ಲಿ, ಬಿಂದಿಗೆಯ ನೀರಿಗಾಗಿ ಸಾಲುನಿಲ್ಲುವ ತಾಯಂದಿರ ಎದುರಿಗೆ, ಬೆಡಗಿಗೋಸ್ಕರ ಕೊಳವೆಬಾವಿಯ ನೀರನ್ನು ಹುಲ್ಲಿಗೆ ಹರಿಸುವುದು ಗೃಹಸ್ಥಧರ್ಮವಲ್ಲ. ಹೀಗಿದ್ದರೂ ಅಂಗಳದಲ್ಲಿ ಅಂಗೈಯಗಲ ಹಸುರಿದ್ದರೆ ಧೂಳು ಅಡಗುವುದು, ಅಂಬೆಗಾಲಿಡುವ ಮಗುವಿಗೆ ಮೆತ್ತನೆಯ ನೆಲ ದೊರೆಯುವುದು, ಕರುವಿಗೆ ಒಂದು ಹಿಡಿ ಮೇವಾಗುವುದು, ಪೂಜೆಗೆ ದೂರ್ವೆಯಾಗುವುದು. ಇಷ್ಟನ್ನು ಪರರ ನೀರನ್ನು ಕಸಿಯದೆ, ನೆಲಕ್ಕೆ ವಿಷವನ್ನು ಉಣಿಸದೆ ಪಡೆಯುವ ದಾರಿಯನ್ನು ವಾಚಕರ ಮುಂದಿಡುವೆವು.

ಪರದೇಶದ ಬೀಜವನ್ನು ತರಿಸುವ ಶ್ರಮ ಬೇಡ. ಹೊಲದ ಬದುವಿನಲ್ಲಿ ತಾನಾಗಿ ಹಬ್ಬುವ ಗರಿಕೆಯೇ ನಮ್ಮ ಸೀಮೆಗೆ ಉತ್ತಮವಾದ ಹುಲ್ಲು. ಅಮರಕೋಶವು ಇದಕ್ಕೆ ಶತಪರ್ವಿಕಾ, ರುಹಾ, ಅನಂತಾ ಮೊದಲಾದ ಹೆಸರುಗಳನ್ನು ಕೊಟ್ಟಿರುವುದು. ಈ ಹೆಸರುಗಳಲ್ಲಿಯೇ ಇದರ ಕೃಷಿಶಾಸ್ತ್ರವು ಅಡಗಿದೆ. ನೂರು ಗೆಣ್ಣುಳ್ಳದ್ದು ಶತಪರ್ವಿಕೆ; ಪ್ರತಿಯೊಂದು ಗೆಣ್ಣೂ ನೆಲವನ್ನು ಸೋಂಕಿದೊಡನೆ ಬೇರುಬಿಟ್ಟು ಬೇರೊಂದು ಗಿಡವಾಗುವುದು. ಬೆಳೆಯುತ್ತಲೇ ಹೋಗುವುದು ರುಹಾ. ಕೊನೆಯಿಲ್ಲದ್ದು ಅನಂತಾ, ಬೇಸಗೆಯಲ್ಲಿ ಮೇಲೆಲ್ಲ ಒಣಗಿ ಸತ್ತಂತೆ ತೋರಿದರೂ ನೆಲದೊಳಗಣ ಗೆಣ್ಣಿನಲ್ಲಿ ಜೀವವನ್ನು ಹಿಡಿದಿದ್ದು, ಮೊದಲ ಮಳೆಗೆ ಮರಳಿ ಚಿಗುರುವುದು. ಇದಕ್ಕೆ ಬಿಸಿಲು ಪ್ರಾಣ, ನೆರಳು ವೈರಿ. ಆದಕಾರಣ ಮರದಡಿಯಲ್ಲಿ ಇದನ್ನು ನೆಡಬಾರದು.

ನೆಡುವ ಕಾಲವೆಂದರೆ ಹುಬ್ಬೆ, ಉತ್ತರೆಯ ಮಳೆಗಳು. ನಮ್ಮಲ್ಲಿ ಹೆಚ್ಚಿನ ಮಳೆಯು ಸೆಪ್ಟೆಂಬರು, ಅಕ್ಟೋಬರು ತಿಂಗಳುಗಳಲ್ಲಿಯೇ ಬೀಳುವುದರಿಂದ, ಆಗ ನೆಟ್ಟ ಗರಿಕೆಯು ಹಸ್ತ, ಚಿತ್ತೆಗಳ ನೀರನ್ನು ಕುಡಿದು ಬೇರೂರುವುದು. ಮೊದಲು ನೆಲವನ್ನು ಒಂದು ಗೇಣು ಅಗೆದು ಕಲ್ಲನ್ನೂ ಜೇಕಿನ ಗಡ್ಡೆಯನ್ನೂ ಆರಿಸಿ ತೆಗೆಯತಕ್ಕದ್ದು. ಕೆರೆಯ ಗೋಡು ದೊರೆತರೆ ಒಂದು ಪದರ ಹರಡಬೇಕು. ಕೆಂಪು ಮರಳುಮಣ್ಣಿಗೆ ಅದು ನೀರನ್ನು ಹಿಡಿದಿಡುವ ಶಕ್ತಿಯನ್ನು ಕೊಡುವುದು. ಅದರ ಮೇಲೆ ಚದರ ಮೀಟರಿಗೆ 2 ಕಿಲೋದಂತೆ ಚೆನ್ನಾಗಿ ಕಳಿತ ಕುರಿಗೊಬ್ಬರವನ್ನು ಬೆರಸಬೇಕು. ಕಂಬಳಿಗೆ ಹೆಸರಾದ ಈ ಸೀಮೆಯಲ್ಲಿ ಕುರಿಗೊಬ್ಬರಕ್ಕೆ ಬರವಿಲ್ಲ. ಹೊಲದಲ್ಲಿ ರಾತ್ರಿ ಕುರಿಮಂದೆ ನಿಲ್ಲಿಸುವ ವಾಡಿಕೆಯನ್ನು ನಮ್ಮ ರೈತರೆಲ್ಲರೂ ಬಲ್ಲರು. ಹಸಿಗೊಬ್ಬರವನ್ನು ಮಾತ್ರ ಹಾಕಕೂಡದು. ಅದರಲ್ಲಿ ಗೊಣ್ಣೆಹುಳು ಬೆಳೆದು ಬೇರನ್ನು ತಿನ್ನುವುದು, ಕಳೆಯ ಬೀಜವೂ ಮೊಳೆಯುವುದು. ಬಳಿಕ ಎರಡು ಮೂರು ಗೆಣ್ಣುಳ್ಳ ತುಂಡುಗಳನ್ನು ಅರ್ಧ ಗೇಣಿಗೊಂದರಂತೆ ಸಾಲಾಗಿ, ತುದಿ ಮಾತ್ರ ಕಾಣುವಂತೆ ಹೂತು ಕಾಲಿನಿಂದ ಮೆಟ್ಟಿದರೆ ನೆಟ್ಟದ್ದಾಯಿತು. ಸುತ್ತಲೂ ಒಂದು ಗೇಣು ಆಳದ ಕಾಲುವೆಯನ್ನು ತೆಗೆದು, ಗೆರೆ ದಾಟಿದ ಬಳ್ಳಿಯನ್ನು ಆಗಾಗ ಕಡಿಯತಕ್ಕದ್ದು. ಇಲ್ಲದಿದ್ದರೆ ಅನಂತೆಯು ತನ್ನ ಹೆಸರನ್ನು ತರಕಾರಿಯ ಮಡಿಯಲ್ಲಿ ಸಾರ್ಥಕಪಡಿಸಿಕೊಳ್ಳುವಳು.

ಇನ್ನು ಆಹಾರದ ವಿಚಾರ. ಯೂರಿಯವನ್ನು ಎರಚಿದರೆ ಎಂಟು ದಿನಗಳಲ್ಲಿ ಕಡುಹಸುರು ಕಾಣುವುದು ನಿಜ. ಆದರೆ ಆ ಅವಸರದ ಬೆಳೆವಣಿಗೆಯು ಹೆಚ್ಚು ನೀರನ್ನೂ ಹೆಚ್ಚು ಕತ್ತರಿಯನ್ನೂ ಬೇಡುವುದು. ತೇವವಿಲ್ಲದ ನೆಲದಲ್ಲಿ ಬೇರನ್ನು ಸುಡುವುದೂ ಉಂಟು. ಎಣ್ಣೆಯ ಗಿರಣಿಗಳಿಗೆ ಪ್ರಸಿದ್ಧವಾದ ಚಳ್ಳಕೆರೆಯವರಿಗೆ ಅದರ ಅಗತ್ಯವೇನು? ಕಡಲೆಕಾಯಿ ಹಿಂಡಿಯಲ್ಲಿ ನೂರಕ್ಕೆ ಸುಮಾರು 7 ಪಾಲು ಸಾರಜನಕವಿದೆ. 100 ಚದರಡಿಗೆ ಅರ್ಧ ಕಿಲೋ ಹಿಂಡಿಯ ಪುಡಿಯನ್ನು ಮಳೆಗಾಲದಲ್ಲಿ ಎರಡು ಸಲ ಎರಚಿ ನೀರು ಚಿಮುಕಿಸಿದರೆ ಸಾಕು. ಹೊಂಗೆ, ಬೇವುಗಳ ಹಿಂಡಿಯಲ್ಲಿ ಸಾರಜನಕವು ಕಡಮೆಯಾದರೂ ಅವುಗಳ ಕಹಿಯು ಹುಳುಗಳನ್ನು ದೂರವಿಡುವುದು. ಹುಲ್ಲನ್ನು ಎರಡು ಅಂಗುಲಕ್ಕಿಂತ ಗಿಡ್ಡವಾಗಿ ಕತ್ತರಿಸಬಾರದು. ಬೇಸಗೆಯಲ್ಲಿ ಮೂರಂಗುಲ ಬಿಡುವುದು ಲೇಸು. ಒಂದೇ ಸಲಕ್ಕೆ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಕತ್ತರಿಸಲೂ ಬಾರದು. ಕತ್ತರಿಸಿದ ತುಣುಕುಗಳನ್ನು ಅಲ್ಲಿಯೇ ಉದುರಿಸಿದರೆ ಎರೆಹುಳುಗಳು ಅವನ್ನು ಮಣ್ಣಿಗೆ ಸೇರಿಸುವುವು. ಅದು ಕಾಸಿಲ್ಲದ ಗೊಬ್ಬರ.

ನೀರಿನ ಲೆಕ್ಕವನ್ನು ಮರೆಮಾಚದೆ ಹೇಳಬೇಕು. 100 ಚದರಡಿಯ ಹಾಸಿಗೆ ಒಂದು ಅಂಗುಲ ನೀರುಣಿಸಬೇಕಾದರೆ ಸುಮಾರು 230 ಲೀಟರು, ಅಂದರೆ ಹದಿನೈದು ಲೀಟರಿನ ಕೊಡಗಳು ಹದಿನೈದು ಬೇಕು. ಇದನ್ನು ವಾರಕ್ಕೊಮ್ಮೆ ಆಳವಾಗಿ ಕುಡಿಸುವುದು ದಿನವೂ ಚಿಮುಕಿಸುವುದಕ್ಕಿಂತ ಮೇಲು; ಮೇಲ್ಮಣ್ಣು ಮಾತ್ರ ತೊಯ್ದರೆ ಬೇರು ಕೆಳಗಿಳಿಯದು. ನೆಟ್ಟ ಮೊದಲ ಮೂರು ವಾರಗಳಲ್ಲಿ ಮಾತ್ರ ದಿನದಿನದ ತೇವ ಬೇಕು. ಈ ನೀರೆಲ್ಲಿಯದು? ಅಕ್ಕಿ, ಬೇಳೆ, ಸೊಪ್ಪು ತೊಳೆದ ನೀರು ಹುಲ್ಲಿಗೆ ಹಿತ. ಬಟ್ಟೆಯ ಸೋಪಿನ ನೀರು ಮಣ್ಣನ್ನು ಬಿಗಿಸುವುದರಿಂದ ಅಹಿತ. ಮಾಳಿಗೆಯ ಮಳೆನೀರು ಇನ್ನೂ ಶ್ರೇಷ್ಠ. 500 ಚದರಡಿಯ ಮಾಳಿಗೆಯ ಮೇಲೆ ವರ್ಷಕ್ಕೆ 450 ಮಿಲಿಮೀಟರು ಬಿದ್ದರೆ 20,000 ಲೀಟರಿಗೂ ಮಿಕ್ಕಿದ ನೀರಾಗುವುದು. ಅದನ್ನು ಮೊದಲು ಮನೆಯವರಿಗೂ ದನಕರುಗಳಿಗೂ ಇಟ್ಟುಕೊಂಡು, ಉಳಿದುದನ್ನು ಹುಲ್ಲಿಗೆ ಕೊಡಬಹುದು. ಮಾರ್ಚಿಯಿಂದ ಮೇ ತಿಂಗಳವರೆಗೆ ಹಾಸು ಹಳದಿಯಾದರೆ ಗಾಬರಿಗೊಳ್ಳದೆ ಹದಿನೈದು ದಿನಕ್ಕೊಮ್ಮೆ ಜೀವ ಹಿಡಿಯುವಷ್ಟು ನೀರು ಕೊಟ್ಟು ಸುಮ್ಮನಿರಬೇಕು. ಹನ್ನೆರಡು ತಿಂಗಳೂ ಹಸುರು ಬೇಕೆಂಬ ಹಠವು ಮಂಜುಬೀಳುವ ದೇಶಗಳಿಂದ ಬಂದುದು. ಈ ನೆಲದ ಧರ್ಮ ಅದಲ್ಲ.

ಜೇಕನ್ನು ಗಡ್ಡೆಸಹಿತ, ಕಾಂಗ್ರೆಸ್ ಗಿಡವೆಂದು ಜನರು ಕರೆಯುವ ಪಾರ್ಥೇನಿಯವನ್ನು ಹೂಬಿಡುವುದಕ್ಕೆ ಮೊದಲು, ಮಳೆ ಬಂದ ಮರುದಿನ ಕೈಯಿಂದ ಕೀಳಬೇಕು. ಕಳೆನಾಶಕವೆಂದು ಮಾರುವ ಔಷಧಿಗಳನ್ನು ಮನೆಯಂಗಳಕ್ಕೆ ತರಲೇಬಾರದು. ಮಗುವು ಹೊರಳುವ, ಕರುವು ಮೇಯುವ, ದೇವರಿಗೆ ಏರಿಸುವ ಹುಲ್ಲಿಗೆ ವಿಷವನ್ನು ಸಿಂಪಡಿಸುವುದು ಎಂತಹ ವಿವೇಕ? 1892ರಲ್ಲಿ ಬೆಳಕಿಗೆ ಬಂದ ಮೊಳಕಾಲ್ಮೂರು ಸೀಮೆಯ ಬ್ರಹ್ಮಗಿರಿಯ ಬಂಡೆಯಲ್ಲಿ ಅಶೋಕನು ಪ್ರಾಣಿದಯೆಯನ್ನು ಬೋಧಿಸಿದ್ದಾನೆ. ಎರೆಹುಳುವೂ ಪ್ರಾಣಿಯೇ ಅಲ್ಲವೆ?

ಔಷಧಿಯಿಲ್ಲದ ಹುಲ್ಲು ಬೆಳೆಯುವುದೋ ಎಂಬ ಸಂದೇಹವುಳ್ಳವರು ಚಳ್ಳಕೆರೆಯ ಕಾವಲುಗಳನ್ನು ನೆನೆಯಲಿ. ಚಿಕ್ಕದೇವರಾಜ ಒಡೆಯರ ಬೆಣ್ಣೆಚಾವಡಿಯು ಟಿಪ್ಪುವಿನ ಕಾಲದಲ್ಲಿ ಅಮೃತ ಮಹಲೆಂಬ ಹೆಸರನ್ನು ತಳೆಯಿತು. ಫಿರಂಗಿಗಳನ್ನು ಎಳೆದ ಆ ಎತ್ತುಗಳು ಇಂತಹ ಕಾವಲುಗಳ ಹುಲ್ಲನ್ನೇ ಮೇದವು. ಮ್ಯಾಸಬೇಡರ ದೇವರ ಎತ್ತುಗಳಿಗೂ, ಕುರಿಗಳಿಗೂ, ಕೃಷ್ಣಮೃಗಗಳಿಗೂ ಆಶ್ರಯವಾದುದು ಈ ಬಯಲೇ. ಅದಕ್ಕೆ ನೀರು ಹೊತ್ತವರಿಲ್ಲ, ಗೊಬ್ಬರ ಕೊಂಡವರಿಲ್ಲ. ಮಳೆ, ಸಗಣಿ, ಮೇಯಿಸಿದ ಬಳಿಕ ಬಿಡುವು, ಈ ಮೂರರಿಂದಲೇ ಅದು ನೂರಾರು ವರ್ಷ ಬಾಳಿತು. 2010ರ ಆಚೀಚಿನ ವರ್ಷಗಳಲ್ಲಿ ವರವು, ಖುದಾಪುರ, ಉಳ್ಳಾರ್ತಿ ಕಾವಲುಗಳ ಸುಮಾರು 10,000 ಎಕರೆ ನೆಲವು ವಿಜ್ಞಾನ, ರಕ್ಷಣೆ ಮೊದಲಾದ ಸಂಸ್ಥೆಗಳ ಪಾಲಾಯಿತು; ದನಗಾಹಿಗಳ ಮೊರೆಯು ಹಸುರು ನ್ಯಾಯಾಧಿಕರಣದವರೆಗೂ ಹೋಯಿತು. ದೇಶಕ್ಕೆ ವಿದ್ಯೆಯೂ ಬೇಕು, ರಕ್ಷಣೆಯೂ ಬೇಕು. ಆದರೆ ಹುಲ್ಲುಗಾವಲನ್ನು ‘ಬಂಜರು’ ಎಂದು ಕರೆಯುವ ಮಾತು ಮಾತ್ರ ಸಲ್ಲದು. ಹುಲ್ಲಿನ ಬೆಲೆಯನ್ನು ಅರಿಯದವರ ಕಣ್ಣಿಗೆ ಮಾತ್ರ ಅದು ಬಂಜರು.

ಆದುದರಿಂದ ಗೃಹಸ್ಥರು 100 ಚದರಡಿಗೆ ಮಿತಿಯಿಟ್ಟುಕೊಂಡು, ಈ ಹುಬ್ಬೆಯ ಮಳೆಗೆ ಬದುವಿನ ಒಂದು ಬುಟ್ಟಿ ಗರಿಕೆಯನ್ನು ತಂದು ನೆಡಲಿ; ನೆಡುವ ಕೆಲಸದಲ್ಲಿ ಮಕ್ಕಳನ್ನೂ ಕೂಡಿಸಿಕೊಳ್ಳಲಿ. ಅಂಗಳದ ಗರಿಕೆಯನ್ನು ಕೈಯಾರೆ ಸಾಕಿದ ಮಗುವು ಬೆಳೆದು ದೊಡ್ಡದಾದಾಗ, ಊರಾಚೆಯ ಕಾವಲನ್ನು ಬಂಜರೆಂದು ಕರೆಯಲಾರದು.